ಯಾರಿಗೂ ಬೇಡದ ಪೆಟ್ಟಿಗೆ

ಕಂಪನಿಯ ದೊಡ್ಡ ಯಜಮಾನರು ಟೀವಿಯಲ್ಲಿ ಆ ಒಂದು ಮಾತು ಆಡದೆ ಇದ್ದಿದ್ದರೆ ಡೆಮೊ ಅಣ್ಣ ಕಳ್ಳತನಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಹಾಗಂತ ಅವನು ತನಗೆ ತಾನೇ ವಕೀಲನಾಗಿ ಎಷ್ಟೋ ಸಲ ವಾದ ಮಾಡಿದ್ದ, ಪ್ರತಿ ಸಲವೂ ಗೆದ್ದಿದ್ದ.

ಆ ಮಾತು ಬಂದದ್ದು ವ್ಯಾಪಾರದ ಸುದ್ದಿ ಹೇಳುವ ಚಾನೆಲ್ಲಿನಲ್ಲಿ. ಕಂಪನಿಯ ಮೂರು ತಿಂಗಳ ಫಲಿತಾಂಶ ಹೊರಬಿದ್ದಿತ್ತು. ನಷ್ಟ. ಯಾಕೆ ನಷ್ಟ ಅನ್ನುವುದು ಅಂಗಡಿಯ ಕಸ ಗುಡಿಸುವವರಿಗೂ ಗೊತ್ತಿತ್ತು: ಜನ ಬರುತ್ತಾರೆ, ಸಾಮಾನನ್ನು ಮುಟ್ಟಿ ತಟ್ಟಿ ನೋಡುತ್ತಾರೆ, ನೂರೆಂಟು ಪ್ರಶ್ನೆ ಕೇಳುತ್ತಾರೆ, ಬೆಲೆಯ ಚೀಟಿಯ ಫೋಟೊ ಹೊಡೆದುಕೊಳ್ಳುತ್ತಾರೆ, ಏಸಿಯ ತಂಪಿನಲ್ಲಿ ಇನ್ನೊಂದು ಸುತ್ತು ಹಾಕಿ ಮನೆಗೆ ಹೋಗಿ, ಮಂಚದ ಮೇಲೆ ಮಲಗಿಕೊಂಡೇ ಫೋನಿನಲ್ಲಿ ಬೇರೆಯವರ ಹತ್ತಿರ ತರಿಸಿಕೊಳ್ಳುತ್ತಾರೆ. ಆದರೆ ಯಜಮಾನರು ಕಾಲ ಮೇಲೆ ಕಾಲು ಹಾಕಿಕೊಂಡು, 'ನಮ್ಮ ನಷ್ಟಕ್ಕೆ ಮುಖ್ಯ ಕಾರಣ ಒಳಸೋರಿಕೆ. ನಮ್ಮ ಸಿಬ್ಬಂದಿಯ ಕೈಯಿಂದಲೇ ಮಾಲು ಸೋರುತ್ತಿದೆ. ಇನ್ನು ಮುಂದೆ ಬಿಗಿ ಮಾಡುತ್ತೇವೆ' ಅಂದುಬಿಟ್ಟರು. ಮರುದಿನ ಕಂಪನಿಯ ಷೇರು ಏರಿತು. ಅದರ ಮರುದಿನ ಸಿಬ್ಬಂದಿ ಹೊರಗೆ ಹೋಗುವ ಬಾಗಿಲಿಗೆ ಒಂದು ಮೇಜು ಬಂತು.

ಆ ಮೇಜಿನ ಮೇಲೆ ದಿನಾ ಸಂಜೆ ಎಲ್ಲರೂ ಬ್ಯಾಗು ಬಿಚ್ಚಿ ತೋರಿಸಬೇಕು. ಮೇಜಿನ ಹಿಂದೆ ನಿಂತಿದ್ದವಳು ಸೆಕ್ಯೂರಿಟಿ ಅಕ್ಕ.

'ಅಣ್ಣಾ, ಊಟದ ಡಬ್ಬಿ ತೆಗೀರಿ.'

'ಇದರೊಳಗೆ ಫ್ರಿಜ್ ಇಟ್ಕೊಂಡು ಹೋಗ್ತೀನೇನಮ್ಮಾ?'

'ನನಗೇನ್ ಗೊತ್ತಣ್ಣ. ತೆಗೆಸು ಅಂದಿದ್ದಾರೆ, ತೆಗೆಸ್ತೀನಿ. ಅಯ್ಯೋ, ಇವತ್ತೂ ಅರ್ಧ ಊಟ ಹಾಗೇ ಬಿಟ್ಟಿದ್ದೀರಲ್ಲ! ಅತ್ತಿಗೆಗೆ ಫೋನ್ ಮಾಡಿ ಹೇಳ್ತೀನಿ ತಾಳಿ.'

ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬಂದದ್ದು ಆ ಕಾಲ ಮೇಲಿನ ಕಾಲಿನ ಮೇಲೆ. ಊರ ಹೊರಗಿನ ಹೆದ್ದಾರಿ ಪಕ್ಕದಲ್ಲಿ, ವಿಮಾನ ನಿಲ್ಲಿಸಬಹುದು ಅನ್ನುವಷ್ಟು ದೊಡ್ಡದಾದ ಈ ಅಂಗಡಿ ಬಾಗಿಲು ತೆರೆದ ದಿನದಿಂದ ಅವನು ಇಲ್ಲಿದ್ದ. ಸಾಬೂನಿನಿಂದ ಸೋಫಾದವರೆಗೆ ಇಲ್ಲಿ ಸಿಗದಿರುವುದು ಏನೂ ಇರಲಿಲ್ಲ. ಅಡುಗೆಮನೆ ಯಂತ್ರಗಳ ವಿಭಾಗ ಅವನದು. ಗಿರಾಕಿಗಳ ಮುಂದೆ ಮಿಕ್ಸಿ ತಿರುಗಿಸಿ, ಒಲೆ ಉರಿಸಿ, ಜ್ಯೂಸು ಹಿಂಡಿ ತೋರಿಸುವುದೇ ಕೆಲಸವಾದ್ದರಿಂದ ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಸೀಮಿತವಾಗಿ, ಎಲ್ಲರ ಬಾಯಲ್ಲೂ ಅವನು ಡೆಮೊ ಅಣ್ಣನಾಗಿದ್ದ. ಇಷ್ಟು ವರ್ಷಗಳಲ್ಲಿ ಒಂದು ಚಮಚವನ್ನೂ ಅವನು ಮನೆಗೆ ಒಯ್ದಿರಲಿಲ್ಲ. ವಿಭಾಗದ ಮುಖ್ಯಸ್ಥನ ಹುದ್ದೆ ಎರಡು ಸಲ ಖಾಲಿಯಾದಾಗಲೂ ಅವನನ್ನು ದಾಟಿ ಹೊರಗಿನವರಿಗೆ ಹೋಗಿತ್ತು. ಅದನ್ನೂ ಅವನು ನಗುತ್ತಲೇ ನುಂಗಿಕೊಂಡಿದ್ದ. ಆದರೆ ಊಟದ ಡಬ್ಬಿ ಬಿಚ್ಚಿಸಿದ್ದು ಗಂಟಲಲ್ಲಿ ನಿಂತುಬಿಟ್ಟಿತು.

ಬ್ಯಾಗು ನೋಡುತ್ತಾರೆ ತಾನೆ, ನೋಡಲಿ. ಹಾಗಾದರೆ ಬ್ಯಾಗಿನಲ್ಲಿ ಹಿಡಿಸದಂಥದ್ದನ್ನೇ ಒಯ್ಯಬೇಕು. ಕಳ್ಳ ಅಂತ ಹೆಸರು ಬಂದಾಗಿದೆ, ಮಾಲು ಮಾತ್ರ ಇನ್ನೂ ಬಂದಿಲ್ಲ. ಈ ಕೊರತೆ ತುಂಬಿಕೊಳ್ಳುವುದರಲ್ಲಿ ಅನ್ಯಾಯವೇನಿದೆ?

ಯಾವ ಮಾಲು ಅನ್ನುವುದರಲ್ಲಿ ಅವನಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಅವನ ವಿಭಾಗದ ನಡುಮಧ್ಯೆ, ಗಾಜಿನ ಪೀಠದ ಮೇಲೆ, ದೀಪದ ಬೆಳಕಿನಲ್ಲಿ ಥಳಥಳಿಸುತ್ತ ಕೂತಿತ್ತು ಸ್ಟೀಲಿನ ಕಾಫಿ ಯಂತ್ರ. ಬೀಜ ತಾನೇ ಹುರಿದುಕೊಳ್ಳುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಿತ್ತು: ಅರೆಯುತ್ತಿತ್ತು, ಒತ್ತುತ್ತಿತ್ತು, ಹಾಲನ್ನು ಮೋಡದ ಹಾಗೆ ಉಬ್ಬಿಸುತ್ತಿತ್ತು. ಅದರ ಬೆಲೆಯಲ್ಲಿ ಒಂದು ಸ್ಕೂಟರ್ ಬರುತ್ತಿತ್ತು. ದಿನವಿಡೀ ಅವನು ಅದರಲ್ಲಿ ಗಿರಾಕಿಗಳಿಗೆ ಕಾಫಿ ಮಾಡಿ ಕೊಡುತ್ತಿದ್ದ. ಅವರು ಕುಡಿದು, ಆಹಾ ಅಂದು, ಕಪ್ಪು ಕೆಳಗಿಟ್ಟು ಹೋಗುತ್ತಿದ್ದರು. ಡೆಮೊದ ಕಾಫಿಯನ್ನು ಸಿಬ್ಬಂದಿ ಕುಡಿಯುವಂತಿರಲಿಲ್ಲ. ಅವನು ಕುಡಿಯುತ್ತಿದ್ದದ್ದು ಊಟದ ಕೋಣೆಯ ಯಂತ್ರ ಉಗುಳುತ್ತಿದ್ದ, ಕಾಗದದ ಲೋಟದ ಕಂದು ನೀರು. ಮನೆಯ ಅಡುಗೆ ಕಟ್ಟೆಯ ಮೇಲೆ ಒಲೆಗೂ ಕಿಟಕಿಗೂ ನಡುವಿನ ಜಾಗವನ್ನು ಅವನು ಗೇಣು ಹಾಕಿ ಅಳೆದೂ ಆಗಿತ್ತು.

'ಅಲ್ಲೇನ್ರೀ ಅಳೀತಿದ್ದೀರಿ?' ಅಂದಿದ್ದಳು ಹೆಂಡತಿ.

'ಇರುವೆ ಸಾಲು ಎಷ್ಟುದ್ದ ಇದೆ ಅಂತ.'

'ಕೆಲಸದಿಂದ ತೆಗೆದುಹಾಕಿದ್ರಾ ಹೇಗೆ? ಇಂಥ ಕೆಲಸಕ್ಕೆಲ್ಲ ಪುರುಸೊತ್ತು ಸಿಗ್ತಿದೆಯಲ್ಲ?'

ಉಪಾಯ ಅವನಿಗೆ ಹೊಳೆದದ್ದು ಅಂಗಡಿಯ ಅತಿ ನಿರ್ಭಾಗ್ಯ ವಸ್ತುವನ್ನು ನೋಡುತ್ತ ನಿಂತಾಗ. ಕಾಫಿ ಯಂತ್ರ ಮಾಡುವ ಕಂಪನಿಯೇ, ಯಾವ ಗ್ರಹಚಾರಕ್ಕೋ, ಕಾಲು ನೆನೆಸುವ ಒಂದು ಯಂತ್ರವನ್ನೂ ಮಾಡಿತ್ತು. ಪ್ಲಾಸ್ಟಿಕ್ಕಿನ ತೊಟ್ಟಿ, ನೀರು ಹಾಕಿ, ಕರೆಂಟು ಕೊಟ್ಟು, ಕಾಲಿಟ್ಟು ಕೂತರೆ ಬುಳುಬುಳು ಅನ್ನುತ್ತ ಬೆಚ್ಚಗಾಗುತ್ತಿತ್ತು. ಅದನ್ನು ಯಾರೂ ಕೊಳ್ಳುತ್ತಿರಲಿಲ್ಲ. ನೋಡಿದವರೆಲ್ಲ ನಗುತ್ತಿದ್ದರು, ಅವನೂ ಜೊತೆಗೆ ನಗುತ್ತಿದ್ದ. ಉಳಿದಿದ್ದ ಕೊನೆಯ ಒಂದು, ಪೆಟ್ಟಿಗೆಯ ಸಮೇತ ಶೆಲ್ಫಿನಲ್ಲಿ ಕೂತು ಧೂಳು ತಿನ್ನುತ್ತಿತ್ತು. ಆ ಪೆಟ್ಟಿಗೆಗೂ ಗೋಡೌನಿನಲ್ಲಿದ್ದ ಕಾಫಿ ಯಂತ್ರದ ಪೆಟ್ಟಿಗೆಗೂ ಅಳತೆ ಒಂದೇ. ಮೇಲಿನ ಚಿತ್ರ ಮಾತ್ರ ಬೇರೆ: ಒಂದರಲ್ಲಿ ಹಬೆಯಾಡುವ ಕಾಫಿಯ ಕಪ್ಪು, ಇನ್ನೊಂದರಲ್ಲಿ ಯಾರದೋ ಎರಡು ಪಾದ.

ಕಾಫಿ ಯಂತ್ರವನ್ನು ಪಾದದ ಪೆಟ್ಟಿಗೆಗೆ, ತೊಟ್ಟಿಯನ್ನು ಕಾಫಿಯ ಪೆಟ್ಟಿಗೆಗೆ. ಅಷ್ಟೇ. ಯಾವ ಪೆಟ್ಟಿಗೆಯೂ ಕಡಿಮೆಯಾಗುವುದಿಲ್ಲ, ಎಣಿಸುವವರು ಎಷ್ಟಾದರೂ ಎಣಿಸಿಕೊಳ್ಳಲಿ. ಆಮೇಲೆ ಪಾದದ ಪೆಟ್ಟಿಗೆಯನ್ನು ಅವನು ರಾಜಾರೋಷವಾಗಿ, ಬಿಲ್ಲು ಹಾಕಿಸಿ, ದುಡ್ಡು ಕೊಟ್ಟು ಒಯ್ಯುತ್ತಾನೆ. ಬಿಲ್ ಕೌಂಟರಿನವರು ಪೆಟ್ಟಿಗೆ ಎತ್ತುವುದಿಲ್ಲ. ಟ್ರಾಲಿಯಲ್ಲೇ ಇರಿಸಿ ಬಾರ್‌ಕೋಡ್ ಓದುವ ಗನ್ನು ತೋರಿಸಿದರೆ ಟಿಣ್ ಅನ್ನುತ್ತದೆ, ತೂಕ ಯಾರಿಗೂ ಗೊತ್ತಾಗುವುದಿಲ್ಲ. ಬಾಗಿಲಲ್ಲಿ ಸೆಕ್ಯೂರಿಟಿ ಅಕ್ಕ ಬಿಲ್ಲನ್ನೂ ಪೆಟ್ಟಿಗೆಯ ಚಿತ್ರವನ್ನೂ ನೋಡಿ, 'ಏನಣ್ಣಾ, ಅತ್ತಿಗೆ ಕಾಲು ಒತ್ತೋದು ನಿಲ್ಲಿಸಿದ್ರಾ?' ಅಂತ ಕೇಳುತ್ತಾಳೆ. ಅದಕ್ಕೆ ಉತ್ತರವನ್ನೂ ಅವನು ಯೋಚಿಸಿಟ್ಟಿದ್ದ. ಇನ್ನು ಆ ಇನ್ನೊಂದು ಪೆಟ್ಟಿಗೆ ಗೋಡೌನಿನ ಮೇಲಿನ ಸಾಲಿನಿಂದ ಯಾವತ್ತೋ ಯಾವುದೋ ಊರಿಗೆ ಹೋಗಿ, ಯಾರದೋ ಮನೆಯಲ್ಲಿ ಬಿಚ್ಚಿಕೊಂಡಾಗ, ತಪ್ಪು ಕಾರ್ಖಾನೆಯ ತಲೆಗೆ ಹೋಗುತ್ತದೆ. ಪ್ಯಾಕಿಂಗ್ ಮಾಡುವವರು ನಿದ್ದೆಗಣ್ಣಲ್ಲಿದ್ದರು ಅಂತ.

ಇದರಲ್ಲಿ ಅಪಾಯ ಇಲ್ಲ ಅಂತ ಅವನು ತನಗೆ ಸುಳ್ಳು ಹೇಳಿಕೊಳ್ಳಲಿಲ್ಲ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಡೆಮೊ ಅಣ್ಣ ಅನ್ನುವ ಹೆಸರೂ ಹೋಗುತ್ತದೆ. ಸಂಬಳ ಕಡಿಮೆಯಿದ್ದ ಮನುಷ್ಯನಿಗೆ ಆ ಹೆಸರೇ ಅರ್ಧ ಸಂಬಳವಾಗಿತ್ತು. ಆದರೆ ಸಿಕ್ಕಿಬೀಳುವುದು ಯೋಚನೆ ಮಾಡದವರು. ಅವನು ಯೋಚನೆ ಮಾಡಿದ್ದ.

ಮುಹೂರ್ತ ತಾನಾಗಿ ಬಂತು. ಒಂದು ಬೆಳಗ್ಗೆ ಮ್ಯಾನೇಜರು ಏದುಸಿರು ಬಿಡುತ್ತ ಓಡಿ ಬಂದು, 'ಎಲ್ಲಾ ಟೀವಿ ಹಾಕಿ, ಎಲ್ಲಾ ಟೀವಿ ಹಾಕಿ!' ಅಂದರು. ಟೀವಿ ವಿಭಾಗದ ಗೋಡೆ ತುಂಬ ಒಂದೇ ಸಲಕ್ಕೆ ಯಜಮಾನರ ಮುಖ ಹತ್ತಿಕೊಂಡಿತು, ದೊಡ್ಡದು, ಚಿಕ್ಕದು, ಸ್ವಲ್ಪ ಹಸಿರು ಬಣ್ಣ ಹೆಚ್ಚಾದದ್ದು. ಕಂಪನಿಯನ್ನು ಇನ್ನೊಂದು ಭಾರೀ ಕಂಪನಿ ಕೊಂಡುಕೊಳ್ಳುತ್ತಿದೆಯಂತೆ, ವಿಲೀನವಂತೆ, ಲಾಭವಿಲ್ಲದ ಅಂಗಡಿಗಳನ್ನು ಮುಚ್ಚುತ್ತಾರಂತೆ. ಕೆಳಗೆ ಓಡುತ್ತಿದ್ದ ಸಾಲಿನಲ್ಲಿ ಮುಚ್ಚುವ ಅಂಗಡಿಗಳ ಹೆಸರು ಬರುತ್ತಿತ್ತು. ಇಡೀ ಸಿಬ್ಬಂದಿ ಕತ್ತು ಎತ್ತಿ ನಿಂತುಬಿಟ್ಟಿತು. ಮಾಂಸದ ವಿಭಾಗದವನು ಕೈಗವಸು ಕಳಚದೆ ಹಾಗೇ ಬಂದಿದ್ದ. ಯಾರೋ ಅತ್ತರು.

ಡೆಮೊ ಅಣ್ಣ ಪಾದದ ಪೆಟ್ಟಿಗೆಯನ್ನು ಟ್ರಾಲಿಗೆ ಹಾಕಿಕೊಂಡು ಗೋಡೌನಿಗೆ ನಡೆದ. ಫ್ರಿಜ್ಜುಗಳ ಗೋಡೆಯ ಹಿಂದೆ ಕ್ಯಾಮೆರಾ ನೋಡದ ಒಂದು ಮೂಲೆಯಿತ್ತು. ಕ್ಯಾಮೆರಾ ರಿಪೇರಿಯವನೇ ಒಮ್ಮೆ ಅಲ್ಲಿ ನಿಂತು ಸಿಗರೇಟು ಸೇದುತ್ತ ಅದನ್ನು ಹೇಳಿಕೊಟ್ಟಿದ್ದ. ಟೇಪು ಬಿಚ್ಚಿ, ಅದಲು ಬದಲು ಮಾಡಿ, ಹೊಸ ಟೇಪು ಎಳೆಯಲು ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ತೊಟ್ಟಿ ತೀರಾ ಹಗುರವಾದ್ದರಿಂದ ಆ ಪೆಟ್ಟಿಗೆಗೆ ತೂಕ ತುಂಬಲು ಹಳೆಯ ಜಾಹೀರಾತಿನ ಹಾಳೆಗಳ ಕಟ್ಟುಗಳನ್ನು ತುರುಕಿದ. ಪ್ರತಿ ಹಾಳೆಯ ಮೇಲೂ ಯಜಮಾನರು ನಗುತ್ತಿದ್ದರು. ಅವರನ್ನು ಕಾಲು ತೊಳೆಯುವ ತೊಟ್ಟಿಯೊಳಗೆ ಅದುಮುವಾಗ ಡೆಮೊ ಅಣ್ಣನಿಗೆ ಆದ ಸಂತೋಷಕ್ಕೆ ಬೆಲೆ ಕಟ್ಟುವಂತಿರಲಿಲ್ಲ.

ಪೆಟ್ಟಿಗೆ ಮತ್ತೆ ಶೆಲ್ಫಿಗೆ ಬಂತು. ಟೀವಿಯ ಮುಂದಿದ್ದವರು ಒಬ್ಬೊಬ್ಬರಾಗಿ ಮುಖ ಒರೆಸಿಕೊಂಡು ಹಿಂದಿರುಗಿದರು. ಪಟ್ಟಿಯಲ್ಲಿ ತಮ್ಮ ಅಂಗಡಿಯೂ ಇತ್ತು.

ಅದೇ ಸಂಜೆ ಪೆಟ್ಟಿಗೆ ಕೊಂಡು ಒಯ್ಯಬಹುದಿತ್ತು. ಆದರೆ ಅವನ ಬುದ್ಧಿ ಅಷ್ಟು ಅವಸರದ್ದಲ್ಲ. ಇಷ್ಟು ವರ್ಷ ಆ ತೊಟ್ಟಿಯನ್ನು ಎಲ್ಲರೆದುರು ಗೇಲಿ ಮಾಡಿದವನು, ಕೆಲಸ ಹೋಗುವ ಸುದ್ದಿ ಬಂದ ದಿನವೇ ಪೂರ್ತಿ ಬೆಲೆ ಕೊಟ್ಟು ಅದನ್ನು ಕೊಂಡರೆ ಕಲ್ಲಿಗೂ ಅನುಮಾನ ಬರುತ್ತದೆ. ಅಂಗಡಿ ಮುಚ್ಚುವ ಮುಂಚೆ ಭಾರೀ ರಿಯಾಯಿತಿ ಮಾರಾಟ ಇಡುತ್ತಾರೆ. ಆಗ ಜನ ಬೇಕಾದ್ದು ಬೇಡದ್ದು ನೋಡದೆ ಬಾಚಿಕೊಳ್ಳುತ್ತಾರೆ. ಆ ನೂಕುನುಗ್ಗಲಲ್ಲಿ ಅವನೂ ಒಬ್ಬ. ಜೊತೆಗೆ ತೊಟ್ಟಿಯ ಬೆಲೆಯೂ ಕಾಲು ಭಾಗಕ್ಕಿಳಿದಿರುತ್ತದೆ. ಕದಿಯುವುದರಲ್ಲೂ ಚೌಕಾಸಿ ಮಾಡಿ ಕದ್ದವನು ತಾನೊಬ್ಬನೇ ಇರಬೇಕು ಅಂತ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಕೆಲವು ವಾರಗಳ ಮಾತು ಅಂದುಕೊಂಡಿದ್ದ. ಅವನಿಗೆ ಗೊತ್ತಿರದ ಸಂಗತಿ ಏನೆಂದರೆ, ದೊಡ್ಡ ಕಂಪನಿಗಳ ಮದುವೆ ಮನುಷ್ಯರ ಮದುವೆಗಿಂತ ನಿಧಾನ. ಒಂದು ವಾರ, ಮಾತುಕತೆ ಮುರಿದುಬಿತ್ತು ಅಂತ ಬಂತು, ಷೇರು ಇಳಿಯಿತು. ಮುಂದಿನ ವಾರ, ಇಲ್ಲ ಇಲ್ಲ, ಕೈ ಕುಲುಕಿದರು ಅಂತ ಬಂತು, ಷೇರು ಏರಿತು. ಆಮೇಲೆ ಯಾವುದೋ ಆಯೋಗ, ಇವರಿಬ್ಬರೂ ಒಂದಾದರೆ ಚಿಕ್ಕ ಅಂಗಡಿಗಳ ಗತಿ ಏನು ಅಂತ ಕೇಳಿತು. ಆಮೇಲೆ ಸಾಲ ಕೊಟ್ಟ ಬ್ಯಾಂಕು ತಕರಾರು ತೆಗೆಯಿತು. ಡೆಮೊ ಅಣ್ಣ ದಿನಾ ಬೆಳಗ್ಗೆ ಪತ್ರಿಕೆಯ ವ್ಯಾಪಾರದ ಪುಟವನ್ನು ಒಂದಕ್ಷರ ಬಿಡದೆ ಓದತೊಡಗಿದ.

'ಇರೋದು ಬಾಡಿಗೆ ಮನೆ, ಓದೋದು ಷೇರು ಪೇಟೆ,' ಅಂದಳು ಹೆಂಡತಿ. 'ಏನಾದ್ರೂ ಅರ್ಥ ಆಗುತ್ತೇನ್ರೀ?'

'ಆಯೋಗ ಒಪ್ಪಿಗೆ ಕೊಟ್ಟರೆ ಸಾಕು ಕಣೇ.'

'ಕೊಟ್ಟರೆ ನಮಗೇನು ಸಿಗುತ್ತೆ?'

'ಒಳ್ಳೇ ಕಾಫಿ,' ಅಂದುಬಿಟ್ಟ ಬಾಯಿತಪ್ಪಿ. ಅವಳು ಅದನ್ನು ತನ್ನ ಕಾಫಿಯ ಮೇಲಿನ ಕುಹಕ ಅಂದುಕೊಂಡು ಎರಡು ದಿನ ಅವನಿಗೆ ಬರೀ ಬಿಸಿನೀರು ಕೊಟ್ಟಳು.

ಅಂಗಡಿಯಲ್ಲಂತೂ ಎಲ್ಲರೂ ಅವನನ್ನೇ ಕೇಳುವ ಹಾಗಾಯಿತು. 'ಅಣ್ಣಾ, ಇವತ್ತು ಏನಂತೆ?' ಅಂತ ಬಿಲ್ ಕೌಂಟರಿನ ಹುಡುಗಿ ಬೆಳಗ್ಗೆ ಬಂದ ಕೂಡಲೇ ಕೇಳುತ್ತಿದ್ದಳು. ಅವಳ ಇಡೀ ಮನೆ ಅವಳ ಸಂಬಳದ ಮೇಲೆ ನಿಂತಿತ್ತು. ಅವನು ಸಾಲ, ಆಯೋಗ, ವಿಲೀನ ಎಲ್ಲವನ್ನೂ ಮಿಕ್ಸಿಯ ಡೆಮೊ ಕೊಡುವ ಹಾಗೇ ಬಿಡಿಸಿ ಹೇಳುತ್ತಿದ್ದ. 'ಭಯ ಪಡಬೇಡಮ್ಮಾ. ನಿನ್ನಂಥ ಚುರುಕು ಕೈಯನ್ನ ಯಾರಾದರೂ ಬಿಡ್ತಾರಾ?' ಅನ್ನುತ್ತಿದ್ದ. ಅವಳ ಮುಖ ಅರಳುತ್ತಿತ್ತು. ಅವನ ಕಣ್ಣು ಶೆಲ್ಫಿನ ಕಡೆ ಹೋಗುತ್ತಿತ್ತು.

ಏಕೆಂದರೆ ಅಲ್ಲಿ ಹೊಸದೊಂದು ಕಾಟ ಶುರುವಾಗಿತ್ತು. ಯಾರಿಗೂ ಬೇಡದ ಪೆಟ್ಟಿಗೆ ಇದ್ದಕ್ಕಿದ್ದಂತೆ ಎಲ್ಲರ ಕಣ್ಣಿಗೂ ಬೀಳತೊಡಗಿತು. ಅದಕ್ಕೂ ಗೊತ್ತಾಗಿಬಿಟ್ಟಿತ್ತೋ ಏನೋ, ಒಳಗಿರುವುದು ತಾನಲ್ಲ ಅಂತ.

ಒಂದು ದಿನ ಕಾಲು ಊದಿಕೊಂಡಿದ್ದ ಹಿರಿಯ ಹೆಂಗಸೊಬ್ಬರು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟೇ ನಿಂತರು.

'ಇದು ಕಾಲು ನೋವಿಗೆ ಒಳ್ಳೇದಾ ಮಗಾ?'

ಅವನು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದುಕೊಂಡ. 'ಅಮ್ಮಾ, ಮನೇಲಿ ಬಕೆಟ್ ಇದೆಯಾ?'

'ಇದೆಯಪ್ಪಾ.'

'ಬಿಸಿನೀರು ಬರುತ್ತಾ?'

'ಬರುತ್ತೆ.'

'ಹಾಗಾದ್ರೆ ಈ ಯಂತ್ರ ನಿಮ್ಮ ಮನೇಲಿ ಆಗಲೇ ಇದೆ. ಇದಕ್ಕೆ ಯಾಕೆ ದುಡ್ಡು ಸುರೀತೀರಿ?'

ಆಕೆ ಅವನ ಮುಖವನ್ನೇ ನೋಡಿದರು. ಆಮೇಲೆ ಬಾಯಿ ತುಂಬ ನಕ್ಕು, ಆ ಖುಷಿಯಲ್ಲಿ ಒಂದು ಮಿಕ್ಸಿ ಕೊಂಡರು. ಹೋಗುವಾಗ ಮ್ಯಾನೇಜರ ಕೋಣೆಗೆ ನುಗ್ಗಿ, 'ತನ್ನ ಅಂಗಡಿಯ ಸಾಮಾನನ್ನೇ ಬೇಡ ಅಂತ ಹೇಳೋ ಇಂಥ ಪ್ರಾಮಾಣಿಕನನ್ನ ನನ್ನ ಜನ್ಮದಲ್ಲಿ ನೋಡಿಲ್ಲ' ಅಂದು ಹೋದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಾಗ, ಅದು ಎಳೆಯುವ ಕರೆಂಟಿನ ಬಗ್ಗೆ ಹೇಳಿ ಹೆದರಿಸಿ ಕಳಿಸಿದ. ಅವರೂ ಹೋಗಿ ಅಂಗಡಿಯ ಇಂಟರ್ನೆಟ್ ಪುಟದಲ್ಲಿ ಅವನನ್ನು ಹೊಗಳಿ ಬರೆದರು. ಕಳ್ಳತನಕ್ಕೆ ಇಳಿದ ಮೇಲೆ ಬಂದಷ್ಟು ಒಳ್ಳೆಯ ಹೆಸರು ಅವನಿಗೆ ಹಿಂದೆಂದೂ ಬಂದಿರಲಿಲ್ಲ.

ಕೊನೆಗೆ ಪೆಟ್ಟಿಗೆಯನ್ನು ಶೆಲ್ಫಿನ ಅತಿ ಮೇಲಿನ ಹಂತಕ್ಕೆ ಏರಿಸಿದ. ದಿನಾ ಏಣಿ ಹಾಕಿ ಹತ್ತಿ, ಟೇಪು ಯಾರಾದರೂ ಕೆರೆದಿದ್ದಾರಾ ಅಂತ ನೋಡಿ, ನೋಡಿದ್ದು ಕಾಣದಿರಲಿ ಅಂತ ಬಟ್ಟೆಯಿಂದ ಒರೆಸಿ ಇಳಿಯುತ್ತಿದ್ದ. ಅಂಗಡಿ ಖಾಲಿ ಹೊಡೆಯುತ್ತಿತ್ತು. ಮುಚ್ಚುವ ಅಂಗಡಿಗೆ ಹೊಸ ಮಾಲು ಬರುವುದಿಲ್ಲ, ಮಾಲಿಲ್ಲದ ಅಂಗಡಿಗೆ ಜನ ಬರುವುದಿಲ್ಲ. ಉದ್ದುದ್ದ ಸಾಲುಗಳಲ್ಲಿ ದೀಪಗಳನ್ನೂ ಅರ್ಧ ಆರಿಸಿದ್ದರು. ಇಷ್ಟು ನಿರ್ಜನವಾದ ಜಾಗದಲ್ಲಿ ಅಪರಾಧ ಮಾಡುವುದು ಎಷ್ಟು ಸುಖ ಅಂತ ಅವನು ಏಣಿಯ ಮೇಲೆ ನಿಂತು ಯೋಚಿಸುತ್ತಿದ್ದ.

ಅಂತೂ ಆಯೋಗ ಒಪ್ಪಿತು. ರಿಯಾಯಿತಿ ಮಾರಾಟದ ಕೆಂಪು ಬಟ್ಟೆ ಬಾಗಿಲಿಗೆ ಬಂತು. ಬೆಲೆ ವಾರದಿಂದ ವಾರಕ್ಕೆ ಇಳಿಯಿತು. ಜನ ನಿಜವಾಗಿಯೂ ನುಗ್ಗಿದರು. ಪರದೆ ತೂಗುಹಾಕುವ ಕೊಕ್ಕೆಗಳನ್ನೂ, ಗಾಜಿನ ಪೀಠವನ್ನೂ ಬಿಡದೆ ಕೊಂಡರು. ಗೋಡೌನಿನಲ್ಲಿದ್ದ ಬೆಲೆಬಾಳುವ ಪೆಟ್ಟಿಗೆಗಳು, ಯಜಮಾನರ ನಗುವನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪೆಟ್ಟಿಗೆಯೂ ಸೇರಿ, ಲಾರಿ ಹತ್ತಿ ದೂರದ ಉಗ್ರಾಣಕ್ಕೆ ಹೋದವು. ಅದನ್ನು ಅವನೇ ಕೈಬೀಸಿ ಕಳಿಸಿಕೊಟ್ಟ. ಕೊನೆಯ ದಿನ ಬೆಳಗ್ಗೆ ಡೆಮೊ ಅಣ್ಣ ಜೇಬಿನಲ್ಲಿ ದುಡ್ಡು ಇಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟ್ರಾಲಿ ತಳ್ಳಿಕೊಂಡು ತನ್ನ ಶೆಲ್ಫಿನ ಮುಂದೆ ಹೋಗಿ ನಿಂತ.

ಮೇಲಿನ ಹಂತ ಖಾಲಿಯಾಗಿತ್ತು.

ಏಣಿ ಹತ್ತಿ ನೋಡಿದ. ಕೆಳಗೆ ಬಗ್ಗಿ ನೋಡಿದ. ಹಿಂದೆ ಬಿದ್ದಿದೆಯಾ ಅಂತ ಕೈ ಹಾಕಿ ತಡವಿದ. ಕೈಗೆ ಧೂಳು ಮಾತ್ರ ಬಂತು. ಬಿಲ್ ಕೌಂಟರಿನ ಹುಡುಗಿಯ ಹತ್ತಿರ ಹೋದ.

'ಅಮ್ಮಾ, ಮೇಲೊಂದು ಪೆಟ್ಟಿಗೆ ಇತ್ತಲ್ಲ. ಆ ಕಾಲಿನದು.'

'ಮಾರಿಹೋಯ್ತಣ್ಣ.'

'ಯಾರಿಗೆ?'

'ಯಾರೋ ಪುಣ್ಯಾತ್ಮರಿಗೆ. ನಿನ್ನೆ ನೀವು ಲಾರಿ ಹತ್ತಿರ ಇದ್ರಲ್ಲ, ಆಗ. ಯಾಕಣ್ಣ, ನೀವೇ ತಗೋಬೇಕು ಅಂತಿದ್ರಾ?'

'ಛೆ ಛೆ, ನನಗ್ಯಾಕೆ ಅದು? ನಮ್ಮನೇಲಿ ಬಕೆಟ್ ಇದೆ.'

ಅವಳು ತುಟಿ ಕಚ್ಚಿಕೊಂಡು ಮುಖ ಆ ಕಡೆ ತಿರುಗಿಸಿದಳು. ಪಾಪ, ಕೊನೆಯ ದಿನ, ಅಳು ತಡೆಯುತ್ತಿದ್ದಾಳೆ ಅಂದುಕೊಂಡ.

ಊಟದ ಕೋಣೆಯಲ್ಲಿ ಕಾಗದದ ಲೋಟದ ಕಂದು ನೀರು ಹಿಡಿದುಕೊಂಡು ಕೂತು, ಅವನು ಪರಿಸ್ಥಿತಿಯನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ. ಕೊಂಡವರು ಮನೆಗೆ ಹೋಗಿ ಬಿಚ್ಚುತ್ತಾರೆ. ಕಾಫಿ ಯಂತ್ರ ಬರುತ್ತದೆ. ಅವರು ದುರಾಸೆಯವರಾದರೆ ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯುತ್ತಾರೆ. ಒಳ್ಳೆಯವರಾದರೆ ವಾಪಸು ತರುತ್ತಾರೆ, ಆದರೆ ಎಲ್ಲಿಗೆ? ನಾಳೆಯಿಂದ ಇಲ್ಲಿ ಅಂಗಡಿಯೇ ಇರುವುದಿಲ್ಲ. ಮಾಲು ವಾಪಸು ತೆಗೆದುಕೊಳ್ಳುವ ಕೌಂಟರನ್ನು ಕಳೆದ ವಾರವೇ ಕಿತ್ತು ಮಾರಿದ್ದಾರೆ. ಎರಡರಲ್ಲಿ ಯಾವುದಾದರೂ ಅವನು ಕ್ಷೇಮ. ಕದ್ದವನೂ ಅವನೇ, ಕಳೆದುಕೊಂಡವನೂ ಅವನೇ, ನಡುವೆ ಪೊಲೀಸರಿಗೆ ಕೆಲಸವೇ ಇಲ್ಲ. ಮೊದಲು ಹೊಟ್ಟೆ ಉರಿಯಿತು. ಆಮೇಲೆ, ವಿಚಿತ್ರ, ಹಗುರಾಯಿತು. ತಿಂಗಳುಗಟ್ಟಲೆ ಹೊತ್ತ ಮೂಟೆಯನ್ನು ಯಾರೋ ಗುರುತಿಲ್ಲದವರು ಬಂದು ಇಳಿಸಿಕೊಂಡು ಹೋದ ಹಾಗೆ. ಇನ್ನು ಜನ್ಮದಲ್ಲಿ ಈ ಕೆಲಸ ಬೇಡ ಅಂದುಕೊಂಡ. ಆ ಕಂದು ನೀರು ಕೂಡ ಅವತ್ತು ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಮಧ್ಯಾಹ್ನ ಎಲ್ಲರನ್ನೂ ಖಾಲಿಯಾದ ಟೀವಿ ವಿಭಾಗದಲ್ಲಿ ಸೇರಿಸಿದರು. ಮನೆಯವರನ್ನೂ ಕರೆದಿದ್ದರು; ಹೆಂಡತಿ ಮುಂದಿನ ಸಾಲಿನಲ್ಲಿ ಸೆಕ್ಯೂರಿಟಿ ಅಕ್ಕನ ಪಕ್ಕ ಕೂತು, ಅವನು ಡಬ್ಬಿಯಲ್ಲಿ ಊಟ ಬಿಡುವುದರ ಬಗ್ಗೆ ಆಗಲೇ ಸಾಕ್ಷ್ಯ ಸಂಗ್ರಹಿಸುತ್ತಿದ್ದಳು. ಹೊಸ ಕಂಪನಿಯ ಕಡೆಯಿಂದ ಬಂದಿದ್ದ ಸಾಹೇಬರು ಎದ್ದು ನಿಂತು, ಯಾರು ಯಾರಿಗೆ ಹೊಸ ಅಂಗಡಿಯಲ್ಲಿ ಕೆಲಸ ಅಂತ ಓದಿದರು. ಬಿಲ್ ಕೌಂಟರಿನ ಹುಡುಗಿಗೆ ಸಿಕ್ಕಿತು. ಸೆಕ್ಯೂರಿಟಿ ಅಕ್ಕನಿಗೂ ಸಿಕ್ಕಿತು. ಎಲ್ಲ ಓದಿ ಮುಗಿಸಿದ ಮೇಲೆ ಸಾಹೇಬರು ಕನ್ನಡಕ ತೆಗೆದರು.

'ಇನ್ನೊಂದು ಹುದ್ದೆ ಇದೆ. ಅಡುಗೆಮನೆ ವಿಭಾಗದ ಮುಖ್ಯಸ್ಥರದ್ದು. ಬೇಡದ ಸಾಮಾನನ್ನ ಗಿರಾಕಿಗೆ ಬೇಡ ಅಂತ ಹೇಳೋ ಧೈರ್ಯ ಯಾರಿಗಿದೆಯೋ, ಆ ಮನುಷ್ಯನ ಕೈಗೆ ಇಡೀ ವಿಭಾಗವನ್ನೇ ಕಣ್ಣು ಮುಚ್ಚಿ ಕೊಡಬಹುದು ಅಂತ ನಾವು ತೀರ್ಮಾನ ಮಾಡಿದ್ದೀವಿ. ನಿಮ್ಮ ಡೆಮೊ ಅಣ್ಣ.'

ಚಪ್ಪಾಳೆ ಬಿತ್ತು. ಡೆಮೊ ಅಣ್ಣನ ಕಣ್ಣು ತುಂಬಿ ಬಂತು. ಎಷ್ಟೋ ವರ್ಷ ತನ್ನನ್ನು ದಾಟಿ ಹೋಗುತ್ತಿದ್ದ ಹುದ್ದೆ ಇವತ್ತು ನಿಂತು, ಹಿಂದಿರುಗಿ, ಹೆಸರು ಹಿಡಿದು ಕರೆದಿತ್ತು. ಆ ಪೆಟ್ಟಿಗೆಯನ್ನು ಕೊಂಡುಹೋದ ಪುಣ್ಯಾತ್ಮರಿಗೆ ಅವನು ಮನಸ್ಸಿನಲ್ಲೇ ಕೈ ಮುಗಿದ.

'ಸರ್, ಒಂದು ನಿಮಿಷ,' ಅಂತ ಬಿಲ್ ಕೌಂಟರಿನ ಹುಡುಗಿ ಮೈಕು ಕಸಿದುಕೊಂಡಳು. 'ನಾವೆಲ್ಲ ಸೇರಿ ಅಣ್ಣಂಗೆ ಒಂದು ಉಡುಗೊರೆ ತಂದಿದ್ದೀವಿ. ಬೆಳಗ್ಗೆ ಅಣ್ಣ ಹುಡುಕ್ತಾ ಇದ್ದದ್ದು ನೋಡಿ ನನಗೆ ನಗು ತಡೆಯೋಕಾಗಲಿಲ್ಲ. ಇಷ್ಟು ದಿನ ಎಲ್ಲರಿಗೂ ಅಣ್ಣ ಡೆಮೊ ಕೊಟ್ಟರು. ಇವತ್ತು ಅಣ್ಣಂಗೆ ನಾವು ಡೆಮೊ ಕೊಡ್ತೀವಿ!'

ಇಬ್ಬರು ಸೇರಿ ಟ್ರಾಲಿಯನ್ನು ತಳ್ಳಿಕೊಂಡು ಬಂದರು. ಬಣ್ಣದ ಕಾಗದ ಹರಿದಾಗ ಒಳಗಿಂದ ಆ ಎರಡು ಪಾದಗಳು ಇಣುಕಿದವು.

'ಬೇಡಮ್ಮಾ,' ಅಂದ ಡೆಮೊ ಅಣ್ಣ. 'ಇಲ್ಲಿ ಬೇಡ, ಮನೇಲಿ ಬಿಚ್ತೀನಿ.'

'ಅದೆಲ್ಲ ಆಗಲ್ಲ! ನೋಡಿ, ನಾಚಿಕೆ ನೋಡಿ!' ಎಲ್ಲರೂ ನಕ್ಕರು. ಅವನನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಸೆಕ್ಯೂರಿಟಿ ಅಕ್ಕ ಊಟದ ಕೋಣೆಯಿಂದ ಹಬೆಯಾಡುವ ಬಿಸಿನೀರಿನ ಬಕೆಟ್ ತಂದು ಮುಂದಿಟ್ಟಳು. ಹೆಂಡತಿ ಎದ್ದು ಬಂದು, 'ರೀ, ಹಾಗೇ ಕೂತಿದ್ದೀರಲ್ಲ, ಕಾಲುಚೀಲ ಬಿಚ್ಚಿ,' ಅಂತ ತಾನೇ ಬಗ್ಗಿ ಅವನ ಪ್ಯಾಂಟು ಮಡಚಿ, ಪೆಟ್ಟಿಗೆ ಬಿಚ್ಚುವವರೆಗೆ ಇರಲಿ ಅಂತ ಕಾಲುಗಳನ್ನು ಬಕೆಟ್ಟಿಗೇ ಇಳಿಸಿದಳು. 'ಇಷ್ಟು ಆಸೆ ಇತ್ತು ಅಂತ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?' ಸಾಹೇಬರು ನಗುತ್ತ ಪೆಟ್ಟಿಗೆಯನ್ನು ಎತ್ತಿ ಮೇಜಿಗಿಡಲು ಹೋಗಿ, 'ಅಬ್ಬಾ, ಎಷ್ಟು ಭಾರ!' ಅಂದು, ಟೇಪು ಕೊಯ್ಯುವ ಚಾಕು ತೆಗೆದುಕೊಂಡರು.

ಕ್ಯಾಮೆರಾ ಯಾವ ಮೂಲೆಯನ್ನು ನೋಡುವುದಿಲ್ಲ, ಬಿಲ್ಲಿನ ಗನ್ನು ಏನನ್ನು ತೂಗುವುದಿಲ್ಲ, ಆಯೋಗ ಯಾವಾಗ ಒಪ್ಪುತ್ತದೆ, ಎಲ್ಲವನ್ನೂ ಯೋಚಿಸಿದ್ದ ಡೆಮೊ ಅಣ್ಣನಿಗೆ ಒಂದೇ ಒಂದು ಸಣ್ಣ ಸಂಗತಿ ಹೊಳೆದಿರಲಿಲ್ಲ: ಬಿಲ್ ಕೌಂಟರಿನ ಕುರ್ಚಿ ಅವನ ಶೆಲ್ಫಿಗೆ ನೇರ ಮುಖ ಮಾಡಿಕೊಂಡಿತ್ತು, ಮತ್ತು ಗಿರಾಕಿಗಳೇ ಇಲ್ಲದ ಆ ತ್ರೈಮಾಸಿಕದಲ್ಲಿ ಅಲ್ಲಿ ಕೂತಿದ್ದವಳಿಗೆ ನೋಡುವುದಕ್ಕೆ ಅವನನ್ನು ಬಿಟ್ಟರೆ ಬೇರೇನೂ ಇರಲಿಲ್ಲ. 'ಸರ್, ಈ ಪೆಟ್ಟಿಗೆ ಅಂದ್ರೆ ಅಣ್ಣಂಗೆ ಪ್ರಾಣ,' ಅನ್ನುತ್ತಿದ್ದಳು ಅವಳು ಮೈಕಿನಲ್ಲಿ, ಅಭಿಮಾನದಿಂದ ಕಣ್ಣೊರೆಸಿಕೊಳ್ಳುತ್ತ. 'ಅಂಗಡಿ ಮುಚ್ಚುತ್ತೆ ಅಂತ ಟೀವಿಲಿ ಬಂದಾಗ ನಾನೂ ಅಳ್ತಾ ಅಳ್ತಾ ನನ್ನ ಕುರ್ಚಿಗೆ ಬಂದು ಕೂತಿದ್ದೆ. ಆಗಲೂ ಅಣ್ಣ ಒಬ್ಬರೇ, ಹೊಚ್ಚ ಹೊಸ ಟೇಪು ಹಾಕಿದ್ದ ಈ ಪೆಟ್ಟಿಗೇನ ಗೋಡೌನಿಂದ ತಳ್ಕೊಂಡು ಬಂದು ಶೆಲ್ಫಲ್ಲಿ ಇಡ್ತಾ ಇದ್ರು. ನಮಗೆಲ್ಲ ನಮ್ಮ ಚಿಂತೆ, ಇವರಿಗೆ ಮಾಲಿನ ಚಿಂತೆ! ಅವತ್ತಿಂದ ದಿನಾ ಏಣಿ ಹತ್ತಿ ಒರೆಸೋದು, ಟೇಪು ಸವರೋದು, ಕೇಳಿದವರಿಗೆಲ್ಲ ಬೇಡ ಅನ್ನೋದು. ಅಣ್ಣನ್ನ ಬಿಟ್ಟು ಇನ್ನೊಂದು ಕೈ ಇದನ್ನ ಮುಟ್ಟಿಲ್ಲ ಸರ್, ಬೇಕಾದ್ರೆ ಎಲ್ಲಿಗೆ ಬಂದಾದ್ರೂ ಹೇಳ್ತೀನಿ, ನಾನೇ ಸಾಕ್ಷಿ.' ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದ ವಿಭಾಗದ ಹೊಸ ಮುಖ್ಯಸ್ಥ ಕಣ್ಣು ಮುಚ್ಚಿಕೊಂಡ. ಚಾಕು ಟೇಪಿನ ಉದ್ದಕ್ಕೂ ಸರ್ರನೆ ಓಡಿತು.